ಸಣ್ಣ ಮೇಜಿನ ದಿನಗಳು

ಮೊಬೈಲಿನಲ್ಲಿ ದುಡ್ಡಿಟ್ಟು ಇಸ್ಪೀಟಾಡಲು ಅಡ್ಡಿಯಿಲ್ಲದ ಕಾಲ ಅದು. ಈಗ ಮೊಬೈಲಿನ ಆ ಆಟದ ಮೇಜುಗಳೆಲ್ಲ ಮುಚ್ಚಿವೆ. ತುಂಗಭದ್ರೆಯ ದಂಡೆಯ ಮೇಲೆ ಕಳೆದ ಆ ಸಂಜೆಗಳನ್ನು ಮಾತ್ರ ತಿಪ್ಪೇಶ ಇನ್ನೂ ಮರೆತಿಲ್ಲ.

ಹರಿಹರದಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಅಪ್ಪನ ಕಾಲದಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳು ಅಲ್ಲಿ ಸಾಲುಗಟ್ಟಿ ಕಾಯುತ್ತಿದ್ದವು. ಇವನ ಕಾಲಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಕೆಲಸ ಉಳಿದಿರಲಿಲ್ಲ. ಮಧ್ಯಾಹ್ನ ಶಟರ್ ಅರ್ಧ ಎಳೆದು, ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ತಾನೇ ಕೂತು, ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ.

ಕೈಯಲ್ಲಿ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನಂಬಿಕೆಯಿದ್ದರೆ ದುಡ್ಡು ಹಾಕಬೇಕು, ಇಲ್ಲದಿದ್ದರೆ ಎಲೆ ಬಿಡಬೇಕು. ಆಟ ಇಷ್ಟೇ.

ತಿಪ್ಪೇಶನಿಗೆ ಬಿಡುವುದು ಬರುತ್ತಿರಲಿಲ್ಲ. ಐನೂರು ಹಾಕುತ್ತಿದ್ದ, ಕಳೆಯುತ್ತಿದ್ದ. ಮತ್ತೆ ಐನೂರು ಹಾಕುತ್ತಿದ್ದ.

ಒಂದು ದಿನ ಪಿಂಚಣಿ ಕಾಗದಕ್ಕೆ ಫೋಟೋ ತೆಗೆಸಲು ಬಂದ ರೈಲ್ವೆಯ ಮುದುಕರೊಬ್ಬರು ಅವನ ಮೊಬೈಲಿನತ್ತ ಬಗ್ಗಿ ನೋಡಿ ನಕ್ಕರು.

"ಇದನ್ನ ಕಲೀಬೇಕು ಅಂದ್ರೆ ನಮ್ಮ ಹಾಲಪ್ಪನ ಹತ್ರ ಹೋಗಪ್ಪ. ಹೊಳೆ ಮೆಟ್ಟಿಲ ಮೇಲೆ ಕೂತಿರ್ತಾನೆ."

ಹಾಲಪ್ಪನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಊರಿನವರ ಬಾಯಲ್ಲಿ ಗಾರ್ಡ್ ಅಜ್ಜ. ಹೆಂಡತಿ ತೀರಿಕೊಂಡ ಮೇಲೆ ಸಂಜೆ ಹೊತ್ತು ಮನೆಯಲ್ಲಿ ಕೂರುತ್ತಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಅರಳಿಮರದ ನೆರಳಿನಲ್ಲಿ ಟವೆಲ್ ಹಾಸಿ, ಒಬ್ಬರೇ ನಾಲ್ಕು ಜನರ ಎಲೆ ಹಂಚಿಕೊಂಡು ಆಡುತ್ತಿದ್ದರು. ದುಡ್ಡಿನ ಬದಲು ಹುಣಸೆ ಬೀಜ.

ತಿಪ್ಪೇಶ ಹೋಗಿ ಎದುರು ನಿಂತ.

"ಅಜ್ಜಾರೆ, ಗೆಲ್ಲೋದು ಹೇಗೆ ಅಂತ ಕಲಿಸಿಕೊಡ್ರಿ."

ಅಜ್ಜ ತಲೆಯೆತ್ತಲಿಲ್ಲ. ಒಂದು ಹಿಡಿ ಹುಣಸೆ ಬೀಜ ಅವನ ಮುಂದೆ ಸುರಿದರು.

"ಕೂತ್ಕೊ. ಆಡು."

ಆಡಿದರು. ನದಿಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ಅವುಗಳನ್ನು ದಡಕ್ಕೆ ಹೊಡೆಯುವಷ್ಟರಲ್ಲಿ ತಿಪ್ಪೇಶನ ಮುಂದೆ ಒಂದೂ ಬೀಜ ಉಳಿದಿರಲಿಲ್ಲ.

"ಇನ್ನೊಂದಿಷ್ಟು ಕೊಡ್ರಿ."

"ಇಲ್ಲ."

"ಮತ್ತೆ ಯಾವಾಗ?"

"ಹುಣಸೆಹಣ್ಣು ಆಗೋದು ಬೇಸಿಗೇಲಿ."

ಆಗಿನ್ನೂ ಮುಂಗಾರು ಶುರುವಾಗಿತ್ತಷ್ಟೆ.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ತಿಪ್ಪೇಶ. ಮರುದಿನ ಸಂತೆ ಪೇಟೆಯ ಅಂಗಡಿಯಿಂದ ಒಂದು ಚೀಲ ಹುಣಸೆ ಬೀಜ ಕೊಂಡು ತಂದು ಅಜ್ಜನ ಟವೆಲ್ ಪಕ್ಕದಲ್ಲಿಟ್ಟ.

"ಇದು ಸಾಕಲ್ಲ?"

ಅಜ್ಜ ಚೀಲದ ಬಾಯಿ ಬಿಚ್ಚಿ ನೋಡಿದರು. ಮತ್ತೆ ಕಟ್ಟಿದರು.

"ಎಲ್ಲಿಂದ ತಂದೆ?"

"ಅಂಗಡಿಯಿಂದ."

"ದುಡ್ಡು?"

"ನನ್ನ ಜೇಬಿಂದು."

"ನಿನ್ನ ಕಾಯಿಲೆ ಇಷ್ಟೇ ತಮ್ಮಾ" ಎಂದರು ಅಜ್ಜ. "ಸೋತಾಗ ನೀನು ಏಳೋದಿಲ್ಲ. ಅಂಗಡಿಗೆ ಹೋಗ್ತೀಯ."

ಚೀಲವನ್ನು ಅವನ ಕೈಗೇ ಕೊಟ್ಟು ಕಳಿಸಿದರು.

ಆ ಮಳೆಗಾಲವೆಲ್ಲ ತಿಪ್ಪೇಶನಿಗೆ ಒಂದು ಬೀಜವೂ ಸಿಗಲಿಲ್ಲ. ಅಜ್ಜ ಎಲೆ ಹಂಚುತ್ತಿದ್ದರು. ಇವನಿಗೆ ಎರಡು ಎಲೆ ಕೊಡುತ್ತಿದ್ದರು. ಅವನ್ನು ನೋಡಿ "ಬಿಡ್ತೀನಿ" ಅಥವಾ "ಹಿಡೀತೀನಿ" ಎಂದು ಹೇಳಬೇಕು, ಅಷ್ಟೇ. ಮಳೆ ಬಂದರೆ ದಂಡೆಯ ಮಂಟಪದೊಳಗೆ ಹೋಗುತ್ತಿದ್ದರು. ಮೈಗೆ ಟವೆಲ್ ಹೊದ್ದ ಅಜ್ಜ, ಒದ್ದೆ ಕಲ್ಲಿನ ವಾಸನೆ, ಕೆಂಪು ನೀರು ತುಂಬಿ ಹರಿಯುವ ಹೊಳೆ. ಇಬ್ಬರ ನಡುವೆ ಕಾಗದದ ಪೊಟ್ಟಣದಲ್ಲಿ ಖಾರದ ಮಂಡಕ್ಕಿ.

ಮೊದಮೊದಲು ಅವನು ಎಲ್ಲವನ್ನೂ ಹಿಡಿಯುತ್ತಿದ್ದ. ಅಜ್ಜ ಉಳಿದ ಮೂವರ ಎಲೆಗಳನ್ನು ತಿರುಗಿಸಿ, ಅವನು ಸೋತದ್ದನ್ನು ತೋರಿಸುತ್ತಿದ್ದರು. ಮತ್ತೆ ಕಲೆಸುತ್ತಿದ್ದರು.

ಒಂದು ಸಂಜೆ ಬರೀ ಕೆಟ್ಟ ಎಲೆಗಳೇ ಬಂದವು. ಶುರುವಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಅವನು ಹೇಳಿದ್ದು ಒಂದೇ ಮಾತು: ಬಿಡ್ತೀನಿ, ಬಿಡ್ತೀನಿ, ಬಿಡ್ತೀನಿ.

ಏಳುವಾಗ ಬೇಜಾರಿನಿಂದ ಅಂದ: "ಇವತ್ತು ಆಡಲೇ ಇಲ್ಲ ಅಜ್ಜಾರೆ."

"ಇವತ್ತೇ ಆಡಿದ್ದು ನೀನು" ಎಂದರು ಅಜ್ಜ.

ದಸರೆಯ ಹೊತ್ತಿಗೆ ಅವರು ತಮ್ಮ ಗುರುವಿನ ಮಾತು ತೆಗೆದರು.

ಅಜ್ಜನಿಗೆ ಪೋಕರ್ ಕಲಿಸಿದ್ದು ರೊಸಾರಿಯೊ ಎಂಬ ಆಂಗ್ಲೋ ಇಂಡಿಯನ್ ಡ್ರೈವರ್. ಕಲ್ಲಿದ್ದಲಿನ ಎಂಜಿನ್ನಿನ ಕಾಲ. ಗಾಡಿ ಇಳಿದ ಡ್ರೈವರು, ಗಾರ್ಡುಗಳು ಅರಸೀಕೆರೆಯ ರನ್ನಿಂಗ್ ರೂಮಿನಲ್ಲಿ ಮಲಗಿ, ಮರುಗಾಡಿಗೆ ಕಾಯಬೇಕಿತ್ತು. ಆ ಬಿಡುವಿನಲ್ಲಿ ಟ್ರಂಕ್ ಮಗುಚಿ ಹಾಕಿದರೆ ಅದೇ ಮೇಜು.

"ರೊಸಾರಿಯೊ ಸಾಹೇಬರ ಹತ್ರ ಒಂದು ಹೊಗೆಸೊಪ್ಪಿನ ಡಬ್ಬಿ ಇತ್ತು. ಆಟದ ದುಡ್ಡು ಅದರಲ್ಲಿ. ಸಂಬಳ ಜೇಬಿನಲ್ಲಿ. ಒಂದಿನ ಡಬ್ಬಿ ಖಾಲಿ ಆಯ್ತು. ನಾವೆಲ್ಲ ಹೇಳಿದ್ವಿ, ಸಾಹೇಬ್ರೆ, ಇವತ್ತೇ ಸಂಬಳ ಆಗಿದೆಯಲ್ಲ, ಜೇಬಿಂದ ತೆಗೀರಿ ಅಂತ."

"ಏನಂದ್ರು?"

"ಏನೂ ಅನ್ನಲಿಲ್ಲ. ಎದ್ದು ಹೋಗಿ ನಮಗೆಲ್ಲ ಚಹಾ ಮಾಡಿಕೊಂಡು ಬಂದ್ರು."

ಅಜ್ಜ ಹೊಳೆಯತ್ತ ನೋಡಿದರು.

"ಅಂಥ ಚಹಾ ನಾನು ಮತ್ತೆ ಕುಡೀಲಿಲ್ಲ."

ತಿಪ್ಪೇಶ ಕೇಳಿದ: "ಯಾವ ದುಡ್ಡು ಡಬ್ಬಿಗೆ, ಯಾವ ದುಡ್ಡು ಜೇಬಿಗೆ ಅಂತ ಗೊತ್ತಾಗೋದು ಹೇಗೆ?"

"ಮದುವೆ ಆಗಿದೆಯಾ?"

"ಆಗಿದೆ."

"ಹೆಂಡತಿ ಎದುರಿಗೆ ಎತ್ತಿಡೋಕೆ ಆಗೋ ದುಡ್ಡು ಡಬ್ಬಿದು. ಉಳಿದದ್ದೆಲ್ಲ ಜೇಬಿಂದು."

ತಿಪ್ಪೇಶನ ಹೆಂಡತಿ ಅನಸೂಯಾ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವತ್ತು ರಾತ್ರಿ ಅವಳೆದುರು ಈ ಆಟದ ಮಾತು ಎತ್ತಿದ, ಅದೇ ಮೊದಲು. ಅವಳು ಹೊಲಿಗೆ ಮಿಷನ್ನಿನ ಪೆಡಲ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಇಷ್ಟು ದಿನ ಎಷ್ಟು ಹೋಗಿದೆ?"

ಅವನು ಹೇಳಿದ. ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು.

"ದಸರೆಗೆ ನನಗೊಂದು ಸೀರೆ ತರಬೇಕು ಅಂತಿದ್ರಲ್ಲ. ಆ ಮೂರು ಸಾವಿರ ತಗೊಳ್ಳಿ. ಹೋದ್ರೆ ಹೋಯ್ತು. ಇನ್ನೊಂದು ಸಲ ಕೇಳಬಾರದು ರೀ."

ಅಜ್ಜ ಅದನ್ನು ಕೇಳಿ ಮೊದಲ ಸಲ ಮನಸಾರೆ ನಕ್ಕರು.

"ನಿನ್ನ ಮನೇಲೇ ಗುರು ಇದ್ದಾಳೆ. ಹೊಳೆಗಂಟ ಯಾಕೆ ಬಂದೆ?"

ಆಮೇಲೆ ನಿಯಮ ಹೇಳಿದರು. ಡಬ್ಬಿಯಲ್ಲಿ ಇರುವುದರ ಮೂವತ್ತರಲ್ಲಿ ಒಂದು ಪಾಲು, ಅಷ್ಟನ್ನೇ ಮೇಜಿಗೆ ಒಯ್ಯಬೇಕು. ಮೂರು ಸಾವಿರವಿದ್ದರೆ ನೂರು ರೂಪಾಯಿಯ ಮೇಜು. ಡಬ್ಬಿ ತುಂಬಿದರೆ ಮೇಲಿನ ಮೇಜು. ಬರಿದಾಗುತ್ತ ಬಂದರೆ ಕೆಳಗಿನದು.

"ಮೇಲೆ ಹತ್ತೋಕೆ ನಿನಗೆ ಯಾರೂ ಕಲಿಸಬೇಕಿಲ್ಲ" ಎಂದರು. "ಇಳಿಯೋದನ್ನ ಕಲಿ."

ತಿಪ್ಪೇಶನ ಡಬ್ಬಿಯೆಂದರೆ ಮೊಬೈಲಿನ ಆಟದ ಖಾತೆ. ಅದಕ್ಕೆ ಮೂರು ಸಾವಿರ ಹಾಕಿ ನೂರು ರೂಪಾಯಿಯ ಮೇಜಿಗೆ ಕೂತ. ಬಿಡುವುದನ್ನು ಕಲಿತಿದ್ದನಲ್ಲ, ಬಿಡುತ್ತ ಕೂತ. ಚಳಿಗಾಲ ಕಳೆದು ಬೇಸಿಗೆ ಬಂತು. ಡಬ್ಬಿ ಮೆಲ್ಲಗೆ ದಪ್ಪವಾಯಿತು. ಒಂದು ದಿನ ಲೆಕ್ಕದ ಪ್ರಕಾರವೇ ಐನೂರರ ಮೇಜಿಗೆ ಹತ್ತಿದ. ಅವತ್ತು ಅಜ್ಜನಿಗೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಹೋದ.

ಮುಂದಿನ ತಿಂಗಳು ಎಲೆಗಳು ತಿರುಗಿಬಿದ್ದವು. ಡಬ್ಬಿ ಕರಗಿತು. ಮತ್ತೆ ನೂರರ ಮೇಜಿಗೆ ಇಳಿಯಬೇಕು.

ಅವನು ಇಳಿಯಲಿಲ್ಲ. ಆಡುವುದನ್ನೂ ಬಿಟ್ಟು ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲ ಮೇಲೆ ಬಂದು ಕೂತ.

"ಏನಾಯ್ತು?"

"ಇಳೀಬೇಕು."

"ಇಳಿ."

"ನಾಚಿಕೆ ಆಗ್ತದೆ ಅಜ್ಜಾರೆ."

"ಯಾರು ನೋಡ್ತಾರೆ?"

"ಯಾರೂ ಇಲ್ಲ. ಅವರಿಗೆ ನನ್ನ ಮುಖವೇ ಗೊತ್ತಿಲ್ಲ. ಆದ್ರೂ ಆಗ್ತದೆ."

ಅಜ್ಜ ಎಲೆಗಳನ್ನು ಕೂಡಿಸಿ ಬದಿಗಿಟ್ಟರು.

"ನಾನಿದ್ದದ್ದು ಪ್ಯಾಸೆಂಜರ್ ಗಾಡೀಲಿ. ಎಕ್ಸ್‌ಪ್ರೆಸ್ ಬರ್ತದೆ ಅಂದ್ರೆ ಯಾವುದೋ ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ, ಅಂದ್ರೆ ಪಕ್ಕದ ಹಳಿಗೆ, ನಮ್ಮನ್ನ ತಳ್ಳೋರು. ನಿಲ್ಲಬೇಕು. ಮೊದಲ ವರ್ಷ ನನಗೂ ಸಿಟ್ಟು ಬರ್ತಿತ್ತು. ಎಕ್ಸ್‌ಪ್ರೆಸ್ಸಿನೋರು ಧೂಳೆಬ್ಬಿಸಿಕೊಂಡು ಹೋಗೋರು, ನಾನು ಹಸಿರು ಬಾವುಟ ಹಿಡ್ಕೊಂಡು ನೋಡ್ತಾ ನಿಲ್ಲೋನು."

"ಆಮೇಲೆ?"

"ಆಮೇಲೆ ಆ ಸ್ಟೇಷನ್ನುಗಳು ಅಭ್ಯಾಸ ಆದ್ವು. ಒಂದರಲ್ಲಿ ಬಾವಿ ನೀರು ಬಹಳ ಸಿಹಿ. ಇನ್ನೊಂದರಲ್ಲಿ ಸ್ಟೇಷನ್ ಮಾಸ್ತರರ ಹೆಂಡತಿ ಕನಕಾಂಬರ ಬೆಳೆದಿದ್ರು, ನಮ್ಮನೆಯೋಳಿಗೆ ಅಂತ ಬಾಳೆಲೇಲಿ ಕಟ್ಟಿ ಕೊಡೋರು. ಈಗ ಕಣ್ಣು ಮುಚ್ಚಿದ್ರೆ ನನಗೆ ಹುಬ್ಬಳ್ಳಿ ನೆನಪಾಗಲ್ಲ, ಬೆಂಗಳೂರು ನೆನಪಾಗಲ್ಲ. ಆ ಲೂಪ್ ಲೈನುಗಳೇ ನೆನಪಾಗ್ತವೆ."

ತಿಪ್ಪೇಶ ಬದಿಗಿಟ್ಟ ಎಲೆಗಳನ್ನು ಎತ್ತಿಕೊಂಡ.

"ನಿಂತೂ ನಿಂತೂ ಹೋದ್ವಿ" ಎಂದರು ಅಜ್ಜ. "ಒಂದು ಸಲಾನೂ ಊರು ತಲುಪದೆ ಇರಲಿಲ್ಲ."

ಮರುದಿನ ತಿಪ್ಪೇಶ ಇಳಿದ.

ಹೀಗೆ ಹತ್ತುತ್ತ ಇಳಿಯುತ್ತ ಇನ್ನೊಂದು ವರ್ಷ ಹೋಯಿತು. ಡಬ್ಬಿ ಮತ್ತೆ ತುಂಬಿತು. ಹದಿನೆಂಟು ಸಾವಿರದ ಹತ್ತಿರಕ್ಕೆ ಬಂತು. ಅವನಿಗೆ ಅದು ಸಣ್ಣ ಮೊತ್ತವಲ್ಲ.

ಆ ಹೊತ್ತಿಗೆ ಅಜ್ಜ ಎಲೆ ತಪ್ಪಾಗಿ ಓದತೊಡಗಿದ್ದರು.

ಒಂದು ಸಂಜೆ ಆಟಿನ್ ರಾಣಿಯನ್ನು ಡೈಮನ್ ರಾಣಿ ಎಂದರು. ಇನ್ನೊಂದು ಸಂಜೆ ಎಲೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ಕೆಳಗಿಟ್ಟರು.

"ಕಣ್ಣಿಗೆ ಪೊರೆ ಬಂದಿದೆ ಅಜ್ಜಾರೆ. ಆಪರೇಷನ್ ಮಾಡಿಸಬೇಕು."

"ನೋಡೋಣ."

"ನೋಡೋಕೇ ಆಗ್ತಿಲ್ಲವಲ್ಲ ನಿಮಗೆ!"

ಅಜ್ಜ ನಕ್ಕು ಮಾತು ತೇಲಿಸಿದರು. ಒಳಗೊಳಗೆ ಹೆದರಿದ್ದು ತಿಪ್ಪೇಶ. ಎಲೆ ಕಾಣದಿದ್ದರೆ ಈ ಮನುಷ್ಯ ಸಂಜೆ ಹೊತ್ತು ಏನು ಮಾಡಬೇಕು? ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದ. ಒಳ್ಳೆಯ ಲೆನ್ಸ್ ಹಾಕಿಸಿದರೆ ಎರಡೂ ಕಣ್ಣಿಗೆ ಮೂವತ್ತೈದು ಸಾವಿರ ಎಂದರು.

ಸಣ್ಣ ಮೇಜಿನಲ್ಲಿ ಅಷ್ಟು ದುಡ್ಡು ಕೂಡಿಸಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಕಣ್ಣು?

ಮರುದಿನ ಮಧ್ಯಾಹ್ನ ಶಟರ್ ಅರ್ಧ ಎಳೆದ. ಡಬ್ಬಿಯಲ್ಲಿದ್ದ ಅಷ್ಟೂ ದುಡ್ಡನ್ನು ತೆಗೆದುಕೊಂಡು ಹೋಗಿ ದೊಡ್ಡ ಮೇಜಿಗೆ ಕೂತ.

ಒಂದಷ್ಟು ಹೊತ್ತು ಬಿಟ್ಟ, ಮತ್ತೆ ಬಿಟ್ಟ. ಆಮೇಲೆ ಕೈಗೆ ಗುಲಾಮರ ಜೋಡಿ ಬಂತು. ಎದುರಿನವನು ದುಡ್ಡು ಏರಿಸಿದ. ಇವನೂ ಏರಿಸಿದ. ಕೊನೆಗೆ ಇದ್ದದ್ದೆಲ್ಲವನ್ನೂ ನೂಕಿದ.

ಎದುರಿನವನ ಎಲೆಗಳು ತೆರೆದುಕೊಂಡವು. ರಾಜರ ಜೋಡಿ.

ಗುಲಾಮರಿಗಿಂತ ಅದು ಮೇಲು. ಮೇಜಿನ ಮೇಲೆ ಒಂದೊಂದೇ ಎಲೆ ಬಿತ್ತು. ಕೊನೆಯ ಎಲೆ ಗುಲಾಮ.

ಮೂರು ಗುಲಾಮರು. ಅವನು ಗೆದ್ದಿದ್ದ.

ದುಡ್ಡು ಬ್ಯಾಂಕಿಗೆ ಬಂದ ದಿನವೇ ಅದನ್ನು ತೆಗೆಸಿ, ಲಕೋಟೆಯಲ್ಲಿಟ್ಟುಕೊಂಡು ಹೊಳೆಗೆ ಓಡಿದ. ಅಜ್ಜನ ಕೈಗೆ ಲಕೋಟೆ ಕೊಟ್ಟ.

"ಏನಿದು?"

"ನಿಮ್ಮ ಕಣ್ಣು."

ಅಜ್ಜ ಲಕೋಟೆಯನ್ನು ತಡವಿ ನೋಡಿದರು. ದಪ್ಪ ಗೊತ್ತಾಯಿತು.

"ಯಾವ ಮೇಜು?"

ತಿಪ್ಪೇಶ ಹೇಳಿದ.

"ಎಷ್ಟು ಒಯ್ದೆ?"

"ಎಲ್ಲ."

"ಎಲೆ ಹೇಳು."

ಒಂದೊಂದಾಗಿ ಹೇಳಿದ. ಗುಲಾಮರ ಜೋಡಿ. ಎದುರಿಗೆ ರಾಜರು. ಕೊನೆಯ ಎಲೆ.

"ಆ ಎಲೆ ಬರದೇ ಇದ್ದಿದ್ರೆ?"

"ಬಂತಲ್ಲ ಅಜ್ಜಾರೆ!"

ಅಜ್ಜ ಲಕೋಟೆಯನ್ನು ಅವನ ಅಂಗಿಯ ಜೇಬಿಗೆ ತುರುಕಿದರು. ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದರು. ಕಣ್ಣು ಸರಿಯಾಗಿ ಕಾಣದ್ದರಿಂದ ಮೆಟ್ಟಿಲನ್ನು ಕಾಲಿನಿಂದ ಹುಡುಕಿದರು. ತಿಪ್ಪೇಶ ಕೈ ಹಿಡಿಯಲು ಹೋದ. ಅವರು ಬೇಡವೆಂದರು.

"ಸೋತಿದ್ರೆ ನಿನಗೆ ಏನಾದ್ರೂ ಹೇಳಬಹುದಿತ್ತು. ಗೆದ್ದುಬಿಟ್ಟೆ. ಗೆದ್ದೋರಿಗೆ ಹೇಳೋ ಮಾತು ನನ್ನ ಹತ್ರ ಇಲ್ಲ."

ಹೊರಟುಹೋದರು.

ತಿಪ್ಪೇಶನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. ಯಾರಿಗಾಗಿ ಮಾಡಿದೆ ನಾನು? ಮರುದಿನದಿಂದ ಹೊಳೆಯ ಕಡೆ ಹೋಗಲಿಲ್ಲ.

ಲಕೋಟೆಯ ದುಡ್ಡನ್ನು ಮತ್ತೆ ಡಬ್ಬಿಗೆ ಹಾಕಿ ದೊಡ್ಡ ಮೇಜಿಗೆ ಹೋದ.

ಸಣ್ಣ ಮೇಜಿಗೆ ಹೋಗಿ ನೋಡಿದ್ದ, ಅದು ಉಪ್ಪಿಲ್ಲದ ಸಾರಿನಂತಿತ್ತು. ನೂರು ಗೆದ್ದರೆ ನಗು ಬರುತ್ತಿರಲಿಲ್ಲ, ನೂರು ಸೋತರೆ ನೋವಾಗುತ್ತಿರಲಿಲ್ಲ. ದೊಡ್ಡ ಮೇಜಿನಲ್ಲಿ ಮಾತ್ರ ಮೈಯಲ್ಲಿ ರಕ್ತ ಓಡುತ್ತಿತ್ತು. ಫೋಟೋಗೆ ಬಂದವರನ್ನು "ನಾಳೆ ಬನ್ನಿ" ಎಂದು ಕಳಿಸತೊಡಗಿದ. ಅನಸೂಯಾ ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಆರುತ್ತಿತ್ತು. ಅವಳು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಪ್ರತಿ ಸಲ ಕೊನೆಯ ಎಲೆಗೆ ಕಾಯುತ್ತಿದ್ದ. ಒಮ್ಮೆ ಬಂದದ್ದು ಮತ್ತೆ ಬರದೇ ಇರುತ್ತದೆಯೇ?

ಬರಲಿಲ್ಲ. ಗೆದ್ದದ್ದು ಹೋಯಿತು. ಅದರ ಹಿಂದೆ ವರ್ಷಗಳಿಂದ ಕೂಡಿಸಿದ್ದೂ ಹೋಯಿತು. ಡಬ್ಬಿ ಖಾಲಿಯಾಯಿತು.

ಆ ಮಧ್ಯಾಹ್ನ ಅವನ ಹೆಬ್ಬೆರಳು ಮನೆಯ ಖಾತೆಯ ಮೇಲೆ ಬಂದು ನಿಂತಿತ್ತು. ಅದರಲ್ಲಿ ಅನಸೂಯಾ ಹೊಲಿದು ಉಳಿಸಿದ್ದ ದುಡ್ಡಿತ್ತು. ಒತ್ತಿದರೆ ಸಾಕು. ಯಾರೂ ನೋಡುತ್ತಿರಲಿಲ್ಲ.

ಸ್ಟುಡಿಯೋ ಗೋಡೆಯ ಬಟ್ಟೆ ಪರದೆಯ ಮೇಲೆ ಅಪ್ಪನ ಕಾಲದ ಚಿತ್ರವಿತ್ತು: ಸರೋವರ, ಎರಡು ಹಂಸ. ಸಾವಿರಾರು ಜೋಡಿಗಳು ಅದರ ಮುಂದೆ ಕೂತು ನಕ್ಕಿದ್ದವು. ಅವನೂ ಅನಸೂಯಾಳೂ ಕೂಡ.

ಮೊಬೈಲ್ ಆರಿಸಿ, ಶಟರ್ ಪೂರ್ತಿ ಎಳೆದು, ಬೀಗ ಹಾಕಿ ಮನೆಗೆ ನಡೆದ.

ಅನಸೂಯಾ ರೊಟ್ಟಿ ತಟ್ಟುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ.

"ಎಲ್ಲ ಹೋಯ್ತು."

ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ತಟ್ಟತೊಡಗಿತು.

"ಮನೆ ದುಡ್ಡು?"

"ಮುಟ್ಟಿಲ್ಲ. ಮುಟ್ಟೋದ್ರಲ್ಲಿದ್ದೆ."

ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. ಅವಳ ಕಣ್ಣು ತುಂಬಿತ್ತು. ದನಿ ಮಾತ್ರ ಗಟ್ಟಿಯಿತ್ತು.

"ಅಜ್ಜಾರಿಗೆ ಹೇಳಿದ್ರಾ?"

"ಇಲ್ಲ."

"ಹೇಳಿ ಬನ್ನಿ. ಆಮೇಲೆ ಊಟ."

ಅಜ್ಜ ಮೆಟ್ಟಿಲ ಮೇಲೇ ಇದ್ದರು. ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಹೆಜ್ಜೆ ಸಪ್ಪಳಕ್ಕೆ ತಿರುಗಿ, ಕನ್ನಡಕ ಹಣೆಗೇರಿಸಿ, ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇಳಿದು ಹೋಗಿದ್ದೀಯಲ್ಲೋ."

"ಕಾಣ್ತದಾ?" ತಿಪ್ಪೇಶ ಬೆರಗಾದ. "ಯಾರು ಮಾಡಿಸಿದ್ರು?"

"ರೈಲ್ವೆ ಆಸ್ಪತ್ರೇಲಿ. ನಮ್ಮಂಥ ಪಿಂಚಣಿಯೋರ ಹತ್ರ ದುಡ್ಡು ತಗೊಳ್ಳಲ್ಲ ಅಲ್ಲಿ. ಸರದಿ ಬರಬೇಕಿತ್ತು, ಬಂತು."

"ಮೊದಲೇ ಹೇಳಬಾರದಿತ್ತಾ?"

"ನೀನೆಲ್ಲಿ ಕೇಳಿದೆ? ಓಡಿಹೋದೆ, ಎಲೆ ಹಿಡಿದೆ."

ತಿಪ್ಪೇಶ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ನಡೆದದ್ದೆಲ್ಲ ಹೇಳಿದ. ಹೆಬ್ಬೆರಳು ಬಂದು ನಿಂತಿದ್ದನ್ನೂ ಹೇಳಿದ. ಹೇಳಿ ಮುಗಿಸಿ ಮೊಣಕಾಲಿಗೆ ತಲೆ ಕೊಟ್ಟ.

"ಅವತ್ತು ಆ ಗುಲಾಮ ಬರದೇ ಇದ್ದಿದ್ರೇ ಚೆನ್ನಾಗಿತ್ತು ಅಜ್ಜಾರೆ."

"ಅವನದೇನು ತಪ್ಪು? ಬಂದದ್ದು ಗುಲಾಮ. ಅವನನ್ನ ರಾಜ ಮಾಡಿ ಕೂರಿಸಿದ್ದು ನೀನು."

ಹೊಳೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿದ ಸದ್ದು ಸ್ವಲ್ಪ ತಡವಾಗಿ ಕೇಳುತ್ತಿತ್ತು.

"ಈಗ ಏನು ಮಾಡ್ಲಿ?"

"ಡಬ್ಬಿ ಖಾಲಿಯಾದ್ರೆ ಏನು ಮಾಡ್ತಾರೆ?"

"ತುಂಬ್ತಾರೆ."

"ಮೊದಲು ತೊಳೀತಾರೆ."

ತೊಳೆಯುವುದಕ್ಕೆ ಒಂದಿಡೀ ಮಳೆಗಾಲ ಬೇಕಾಯಿತು. ತಿಪ್ಪೇಶ ಮೊಬೈಲಿನ ಮೇಜುಗಳ ಕಡೆ ಹೋಗಲಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸುತ್ತಲಿನ ಹಳ್ಳಿಯ ಶಾಲೆಗಳಿಗೆ ಹೋದ, ಮಕ್ಕಳ ಗುರುತಿನ ಚೀಟಿಗೆ ಫೋಟೋ ತೆಗೆದ. ಮೂಗು ಒರೆಸಿ, ಕಾಲರ್ ಸರಿಮಾಡಿ, "ನಗಬೇಡ, ನಗಬೇಡ" ಎಂದರೆ ಅವು ಬಿದ್ದು ಬಿದ್ದು ನಗುತ್ತಿದ್ದವು. ಅವನಿಗೂ ನಗು ಬಂತು. ಬಹಳ ದಿನದ ಮೇಲೆ.

ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಅನಸೂಯಾ ತಾನಾಗಿಯೇ ಕೇಳಿದಳು.

"ಮತ್ತೆ ಆಡೋ ಮನಸ್ಸಿದೆಯಾ?"

"ಇದೆ. ಹೆದರಿಕೆಯೂ ಇದೆ."

"ಎರಡೂ ಇದ್ರೆ ಪರವಾಗಿಲ್ಲ" ಎಂದಳು. ರವಿಕೆ ಹೊಲಿದ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟಳು. "ಇದು ನಾನು ಕೊಟ್ಟದ್ದು. ನೀವು ಕೇಳಿದ್ದಲ್ಲ."

ಅವನು ಎಲ್ಲಕ್ಕಿಂತ ಸಣ್ಣ ಮೇಜಿಗೆ ಹೋಗಿ ಕೂತ. ನೂರಕ್ಕಿಂತಲೂ ಕೆಳಗಿನದು. ಹಿಂದೆ ಅಂಥದೊಂದು ಇದೆ ಎಂಬುದನ್ನೇ ಅವನು ಗಮನಿಸಿರಲಿಲ್ಲ.

ಈಗ ಯೋಚಿಸಿದರೆ ತಿಪ್ಪೇಶನಿಗೆ ಅವೇ ಸುಖದ ದಿನಗಳು ಅನ್ನಿಸುತ್ತದೆ.

ಆ ಮೇಜಿನಲ್ಲಿ ಬರುತ್ತಿದ್ದವರು ಬಹುತೇಕ ಅವರವರೇ. ಮುಖ ಗೊತ್ತಿಲ್ಲ, ಬರೀ ಹೆಸರು. 'ರಾಣೇಬೆನ್ನೂರು ರಾಜ' ಎಂಬುವನು ಪ್ರತಿ ಸಲ ಸೋತಾಗಲೂ ಒಂದು ನಗುವಿನ ಗೊಂಬೆ ಕಳಿಸುತ್ತಿದ್ದ. 'ಸಾವಿತ್ರಮ್ಮ' ಎಂಬ ಹೆಸರಿನವರು ಯಾರೋ, ಹೆಂಗಸೋ ಗಂಡಸೋ, ಮಧ್ಯಾಹ್ನ ಎರಡಕ್ಕೆ ಬಂದು ಕೂತು ಮೂರಕ್ಕೆ "ಹಾಲು ಕಾಯಿಸಬೇಕು" ಎಂದು ಬರೆದು ಎದ್ದುಹೋಗುತ್ತಿದ್ದರು. ಹೊರಗೆ ಬಿಸಿಲು. ಅರ್ಧ ಎಳೆದ ಶಟರಿನ ಕೆಳಗೆ ದಾರಿಹೋಕರ ಕಾಲುಗಳು. ಗಿರಾಕಿ ಬಂದರೆ ಎಲೆ ಬಿಟ್ಟು ಏಳುತ್ತಿದ್ದ, ಎಂಥ ಎಲೆಯಿದ್ದರೂ.

ಸಂಜೆ ಹೊಳೆ. ಅಜ್ಜ ಈಗ ದೂರದ ದಡದ ಕೊಕ್ಕರೆಗಳನ್ನೂ ಗುರುತಿಸುತ್ತಿದ್ದರು. ಇವನು ಅವತ್ತಿನ ಒಂದು ಆಟದ ಕಥೆ ಹೇಳುತ್ತಿದ್ದ, ಅವರು ಅರಸೀಕೆರೆಯ ಒಂದು ಆಟದ ಕಥೆ ಹೇಳುತ್ತಿದ್ದರು. ಹೊಗೆಯಾಡುವ ಎಂಜಿನ್ನು, ಲಾಂದ್ರದ ಬೆಳಕು, ರೊಸಾರಿಯೊ ಸಾಹೇಬರ ಹರಕು ಕನ್ನಡ. ಎಷ್ಟೋ ಸಲ ಎಲೆ ಹಂಚುವುದೇ ಮರೆತುಹೋಗುತ್ತಿತ್ತು.

ಡಬ್ಬಿ ಮತ್ತೆ ಬೆಳೆಯಿತು. ನೂರಕ್ಕೆ ಹತ್ತಿದ, ಐನೂರಕ್ಕೆ ಹತ್ತಿದ, ಇಳಿದ, ಹತ್ತಿದ. ಒಮ್ಮೆ ಅದರಿಂದ ಸ್ಟುಡಿಯೋಗೆ ಹೊಸ ದೀಪ ಬಂತು. ದೊಡ್ಡ ಮೇಜಿನ ಲೆಕ್ಕಕ್ಕೆ ಮಾತ್ರ ಅದು ಎಂದೂ ಮುಟ್ಟಲಿಲ್ಲ.

ಆಗಾಗ ಕೇಳುತ್ತಿದ್ದ: "ನಾನು ಮತ್ತೆ ದೊಡ್ಡ ಮೇಜಿಗೆ ಯಾವಾಗ ಕೂರಬಹುದು ಅಜ್ಜಾರೆ?"

ಅಜ್ಜ ಮಂಡಕ್ಕಿ ಪೊಟ್ಟಣ ಅವನ ಕಡೆ ಸರಿಸುತ್ತಿದ್ದರು.

ಆಮೇಲೆ ಕಾನೂನು ಬಂತು. ದುಡ್ಡಿಟ್ಟು ಆಡುವ ಆಟಗಳೆಲ್ಲ ಒಮ್ಮೆಲೇ ನಿಂತವು.

ಆ ವಾರದ ಒಂದು ಸಂಜೆ ತಿಪ್ಪೇಶ ಹೊಳೆಗೆ ಬಂದಾಗ ಮೋಡ ಕವಿದಿತ್ತು. ಅಜ್ಜ ಮಂಟಪದೊಳಗೆ ಕಂಬಕ್ಕೆ ಒರಗಿ ಕೂತಿದ್ದರು. ಆ ವರ್ಷ ಅವರ ಮೈ ಬಹಳ ಸೋತಿತ್ತು, ಮೆಟ್ಟಿಲು ಇಳಿಯುವುದು ಆಗುತ್ತಿರಲಿಲ್ಲ.

"ಮುಚ್ಚಿಬಿಟ್ರು ಅಜ್ಜಾರೆ."

"ಏನನ್ನ?"

"ಮೇಜುಗಳನ್ನ. ಸಣ್ಣದು, ದೊಡ್ಡದು, ಎಲ್ಲ."

"ಡಬ್ಬಿ?"

"ಇದ್ದ ದುಡ್ಡು ವಾಪಸ್ ಬಂತು. ಅನಸೂಯಾ ಕೈಗೆ ಕೊಟ್ಟೆ."

"ಸರಿಯಾಯ್ತು."

ತಿಪ್ಪೇಶ ಕಲ್ಲಿನ ಮೇಲೆ ಕೂತ. ಹೊಳೆ ತುಂಬಿ ಹರಿಯುತ್ತಿತ್ತು.

"ಇಷ್ಟು ವರ್ಷ ಕಲಿಸಿದ್ರಿ. ಒಂದು ದಿನ ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ, ಹೋಗಪ್ಪ, ಈಗ ದೊಡ್ಡ ಮೇಜಿಗೆ ಕೂರು ಅಂತ. ಆ ದಿನ ಬರಲೇ ಇಲ್ಲ. ಕಲಿತದ್ದೆಲ್ಲ ಏನಾಯ್ತು?"

ಅಜ್ಜ ಅವನ ಕಡೆ ತಿರುಗಿದರು.

"ಕೊನೇ ದಿನ ಆಡಿದೆಯಾ?"

"ಆಡಿದೆ. ಮಧ್ಯಾಹ್ನ."

"ಗೆದ್ದೆಯೋ, ಸೋತೆಯೋ?"

ತಿಪ್ಪೇಶ ಬಾಯಿ ತೆರೆದ.

ಎಲ್ಲ ನೆನಪಿತ್ತು. ಸಾವಿತ್ರಮ್ಮ ಮೂರು ಗಂಟೆಯಾದರೂ ಅವತ್ತು ಎದ್ದಿರಲಿಲ್ಲ. ರಾಣೇಬೆನ್ನೂರಿನವನು "ಎಲ್ಲರಿಗೂ ಒಳ್ಳೇದಾಗ್ಲಿ" ಎಂದು ಬರೆದಿದ್ದ. ಹೊರಗೆ ಸಣ್ಣ ಮಳೆ, ಯಾರದೋ ಸೈಕಲ್ ಗಂಟೆ. ಕೊನೆಯಲ್ಲಿ ಕೈಯಲ್ಲಿದ್ದ ಎರಡು ಎಲೆಗಳೂ ಕಣ್ಣ ಮುಂದಿದ್ದವು.

ಗೆದ್ದೆನೋ ಸೋತೆನೋ, ಅದೊಂದೇ ಇರಲಿಲ್ಲ. ಹುಡುಕಿದ. ಮತ್ತೆ ಹುಡುಕಿದ.

"ನೆನಪಾಗ್ತಿಲ್ಲ ಅಜ್ಜಾರೆ."

ಅಜ್ಜ ಅವನ ಭುಜದ ಮೇಲೆ ಕೈಯೂರಿ ಮೆಲ್ಲಗೆ ಎದ್ದು ನಿಂತರು.

"ಹಾಗಾದ್ರೆ ಹೋಗಪ್ಪ. ದೊಡ್ಡ ಮೇಜಿಗೆ ಕೂರು."